ಹೊಳೆಯುವ ಚೀಟಿಯೂ ಹೊಲೊಗ್ರಾಮಿನ ವಿಚಾರವೂ

ಇಂಥ ಸ್ಮರಣಸಂಪುಟದಲ್ಲಿ ಕನ್ನಡ ಪಂಡಿತನಾದವನು ವಚನವಾಙ್ಮಯವನ್ನೋ ಷಟ್ಪದಿಯ ಸೊಗಸನ್ನೋ ಕುರಿತು ಬರೆಯುವುದು ವಾಡಿಕೆ. ಹಿಂದಿನ ಸಂಚಿಕೆಗಳಲ್ಲಿ ನಾನೂ ಹಾಗೆಯೇ ಬರೆದಿದ್ದೇನೆ. ಈ ಬಾರಿ ಆ ದಾರಿಯನ್ನು ಬಿಟ್ಟು ಬೆಳಕಿನ ಶಾಸ್ತ್ರದ ಒಂದು ವಿಷಯಕ್ಕೆ ಕೈಯಿಕ್ಕಿದ್ದೇನೆಂದರೆ ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ತೋರಿಸಿಕೊಟ್ಟವನು ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗ.

ಒಂದು ಸೋಮವಾರ ಪ್ರಾರ್ಥನೆಯ ವೇಳೆಯಲ್ಲಿ, ಪಿಂಡಾಂಡದಲ್ಲಿಯೇ ಬ್ರಹ್ಮಾಂಡವಿದೆಯೆಂಬ ಅನುಭಾವಿಗಳ ತತ್ತ್ವವನ್ನು ವಿವರಿಸುತ್ತ, ಇದನ್ನು ಇಂದಿನ ವಿಜ್ಞಾನವೂ ಒಪ್ಪಿದೆ, ಹೊಲೊಗ್ರಾಮ್ ಎಂಬ ಚಿತ್ರವನ್ನು ಎಷ್ಟು ತುಂಡು ಮಾಡಿದರೂ ಒಂದೊಂದು ತುಂಡಿನಲ್ಲಿಯೂ ಇಡೀ ಚಿತ್ರವೇ ಕಾಣುತ್ತದೆ, ನಮ್ಮ ಹಿರಿಯರು ಎಂಟುನೂರು ವರ್ಷಗಳಿಗೂ ಹಿಂದೆಯೇ ಇದನ್ನು ಅರಿತಿದ್ದರು ಎಂದು ಹೇಳಿಬಿಟ್ಟೆ. ಪ್ರವಚನಗಳಲ್ಲಿ ಕೇಳಿದ ಮಾತು. ಚಪ್ಪಾಳೆ ತರುವ ಮಾತು. ಎರಡು ದಿನ ಕಳೆದ ಮೇಲೆ, ಮೂಡಲಗಿಯ ಕಡೆಯ ಹಳ್ಳಿಯಿಂದ ಬರುವ ಆ ಹುಡುಗ ಕೀಟನಾಶಕದ ರಟ್ಟಿನ ಡಬ್ಬಿಯೊಂದನ್ನು ಹಿಡಿದು ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ನಿಂತ. ಡಬ್ಬಿಯ ಮೇಲಿದ್ದ ಹೊಳೆಯುವ ಚೀಟಿಯನ್ನು ರಟ್ಟುಸಹಿತವಾಗಿ ನಡುವೆ ಕತ್ತರಿಸಿದ್ದ.

"ಗುರುಗಳ, ನೀವು ಹೇಳಿದಂಗ ಆಗಲಿಲ್ರಿ. ಈ ತುಂಡಿನ್ಯಾಗ ಅರ್ಧಾ ಚಿತ್ರ ಅಷ್ಟ ಕಾಣತೈತ್ರಿ" ಎಂದ.

ಡಬ್ಬಿ ಎಲ್ಲಿಯದೆಂದು ಕೇಳಿದೆ. "ಈ ಚೀಟಿ ನೋಡೇ ನಮ್ಮಪ್ಪ ತಂದಿದ್ರಿ. ಗೊಂಜಾಳಕ್ಕ ಹೊಡದ್ರ ಒಂದ ಹುಳಾನೂ ಸಾಯಲಿಲ್ರಿ" ಎಂದು ತಣ್ಣಗೆ ಹೇಳಿದ.

ನನ್ನ ಬಳಿ ಎರಡಕ್ಕೂ ಉತ್ತರವಿರಲಿಲ್ಲ. ಕಾವ್ಯಮೀಮಾಂಸೆಯನ್ನು ಮೂರು ದಶಕ ಬೋಧಿಸಿದವನು ನಮ್ಮ ವಿಜ್ಞಾನದ ಅಧ್ಯಾಪಕರ ಮುಂದೆ ಶಿಷ್ಯನಾಗಿ ಕುಳಿತೆ. ಅವರಿಂದ ಕಲಿತುದನ್ನೂ ಬಳಿಕ ಓದಿ ತಿಳಿದುದನ್ನೂ ನನಗೆ ಅರ್ಥವಾದ ಬಗೆಯಲ್ಲಿಯೇ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ವಸ್ತುವಿನಿಂದ ಹೊರಟ ಬೆಳಕು ಕಣ್ಣನ್ನು ಮುಟ್ಟುವುದರಿಂದ ನಾವು ಅದನ್ನು ಕಾಣುತ್ತೇವೆ. ಆ ಬೆಳಕು ಅಲೆಯಾಗಿ ಬರುತ್ತದೆ. ಅಲೆಗೆ ಎರಡು ಲಕ್ಷಣಗಳು. ಎಷ್ಟು ಎತ್ತರವಾಗಿದೆ ಎಂಬುದೊಂದು. ಒಂದು ಗೊತ್ತಾದ ಕ್ಷಣದಲ್ಲಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಿನ್ನೊಂದು. ಮೊದಲನೆಯದು ಬೆಳಕಿನ ಪ್ರಖರತೆಯನ್ನು ನಿರ್ಧರಿಸುತ್ತದೆ. ಎರಡನೆಯದನ್ನು ಪಠ್ಯಪುಸ್ತಕಗಳು ಪ್ರಾವಸ್ಥೆಯೆಂದು ಕರೆಯುತ್ತವೆ. ವಸ್ತುವಿನ ಯಾವ ಭಾಗ ಹತ್ತಿರ, ಯಾವುದು ದೂರ ಎಂಬ ಸುದ್ದಿಯೆಲ್ಲ ಈ ಪ್ರಾವಸ್ಥೆಯಲ್ಲಿ ಅಡಗಿದೆ. ಫೋಟೋ ಪ್ರಖರತೆಯನ್ನು ಮಾತ್ರ ಹಿಡಿಯುತ್ತದೆ, ಪ್ರಾವಸ್ಥೆಯನ್ನು ಕಳೆದುಕೊಳ್ಳುತ್ತದೆ. ಗೋಡೆಗೆ ತೂಗುಹಾಕಿದ ಅಜ್ಜನ ಪಟದ ಮುಂದೆ ನಾವು ಎಷ್ಟು ಓರೆಯಾಗಿ ನಿಂತರೂ ಪಟಗದ ಮರೆಯಲ್ಲಿದ್ದ ಕಿವಿ ಕಾಣಿಸದಿರುವುದು ಇದರಿಂದಲೇ.

ಕಳೆದುಹೋಗುವ ಈ ಪ್ರಾವಸ್ಥೆಯನ್ನು ಹಿಡಿದಿಡುವ ಉಪಾಯವೇ ಹೊಲೊಗ್ರಫಿ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಅಂಚಿನಲ್ಲಿ, ಗಾಳಿಯಿಲ್ಲದ ಹೊತ್ತಿನಲ್ಲಿ, ಎರಡು ಕಲ್ಲುಗಳನ್ನು ಒಟ್ಟಿಗೆ ಎಸೆದು ನೋಡಬೇಕು. ಎರಡು ಬಳೆಗಳಂತೆ ಹರಡುವ ಅಲೆಗಳು ಒಂದನ್ನೊಂದು ಹಾಯುವೆಡೆಯಲ್ಲಿ ಏರಿಗೆ ಏರು ಸೇರಿದರೆ ನೀರು ಇಮ್ಮಡಿಯಾಗಿ ಉಬ್ಬುತ್ತದೆ. ಏರಿಗೆ ಇಳಿವು ಸೇರಿದರೆ ಅಲ್ಲಿ ನೀರು ಸುಮ್ಮನಿರುತ್ತದೆ. ಇದು ವ್ಯತಿಕರಣ. ಬೆಳಕಿನಲ್ಲಿಯೂ ಹೀಗೆಯೇ ಆಗುತ್ತದೆ; ಆದರೆ ದೀಪದ ಬೆಳಕಿನ ಅಲೆಗಳು ಜಾತ್ರೆಯ ಜನದಂತೆ ಅಡ್ಡಾದಿಡ್ಡಿ, ಲೇಸರಿನ ಅಲೆಗಳು ಕವಾಯತಿನ ಹುಡುಗರಂತೆ ಹೆಜ್ಜೆಗೆ ಹೆಜ್ಜೆ. ಒಂದು ಲೇಸರ್ ಕಿರಣವನ್ನು ಎರಡಾಗಿ ಒಡೆದು, ಒಂದನ್ನು ವಸ್ತುವಿನ ಮೇಲೆ ಬೀಳಿಸಿ ಅಲ್ಲಿಂದ ಚೆದರಿದ ಬೆಳಕನ್ನು ಒಂದು ಸೂಕ್ಷ್ಮಫಲಕಕ್ಕೆ ಕಳುಹಿಸುತ್ತಾರೆ. ಇನ್ನೊಂದನ್ನು ನೇರವಾಗಿ ಅದೇ ಫಲಕಕ್ಕೆ ಬೀಳಿಸುತ್ತಾರೆ. ಎರಡೂ ಅಲ್ಲಿ ಕೂಡಿ ಕಪ್ಪು ಬಿಳುಪಿನ ಅತಿ ಸೂಕ್ಷ್ಮ ಗೆರೆಗಳನ್ನು ಮೂಡಿಸುತ್ತವೆ. ಸಾಮಾನ್ಯವಾದ ಕೆಂಪು ಲೇಸರಿನ ಸುಮಾರು 1,580 ಅಲೆಗಳು ಒಂದೇ ಮಿಲಿಮೀಟರಿನಲ್ಲಿ ಹಿಡಿಸುತ್ತವೆಂದರೆ ಆ ಗೆರೆಗಳ ನಯವನ್ನು ಊಹಿಸಬಹುದು. ಬರಿಗಣ್ಣಿಗೆ ಆ ಫಲಕದಲ್ಲಿ ವಸ್ತುವಿನ ಸುಳಿವೇ ಇಲ್ಲ; ಮಂಕು ಗಾಜಿನಂತೆ ತೋರುತ್ತದೆ. ಆದರೆ ಮೊದಲಿನ ನೇರಕಿರಣವನ್ನು ಮತ್ತೆ ಅದರ ಮೇಲೆ ಬೀಳಿಸಿದಾಗ, ಬೆಳಕು ಆ ಗೆರೆಗಳಲ್ಲಿ ಬಾಗಿ, ವಸ್ತುವಿನಿಂದ ಅಂದು ಹೊರಟಿದ್ದ ಅಲೆಯ ಆಕಾರವನ್ನೇ ಮರಳಿ ತಾಳುತ್ತದೆ. ವಸ್ತು ಅಲ್ಲಿಲ್ಲ, ಅದರಿಂದ ಹೊರಡುತ್ತಿದ್ದ ಬೆಳಕಿದೆ. ತಲೆಯನ್ನು ಓರೆ ಮಾಡಿದರೆ ಮರೆಯಲ್ಲಿದ್ದುದು ಕಾಣುತ್ತದೆ. ಬೆಳಕಿನ ಈ ಬಾಗುವಿಕೆಗೆ ನಮ್ಮ ಪಾರಿಭಾಷಿಕ ಪದ ವಿವರ್ತನೆ. ಇಲ್ಲದುದು ಇದ್ದಂತೆ ತೋರುವುದನ್ನು ವೇದಾಂತಿಗಳು ವಿವರ್ತವೆಂದು ಕರೆದರಷ್ಟೆ. ಪದವನ್ನು ಟಂಕಿಸಿದವರು ಇದನ್ನು ನೆನೆದಿದ್ದರೋ ಇಲ್ಲವೋ, ಹೊಲೊಗ್ರಾಮಿನ ಮಟ್ಟಿಗೆ ಅದು ತುಂಬ ಚೆನ್ನಾಗಿ ಒಪ್ಪಿದೆ.

ಉಪಾಯವನ್ನು ಕಂಡವರು ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಡೆನಿಸ್ ಗಾಬೋರ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ದೋಷವನ್ನು ನೀಗುವ ಯತ್ನದಲ್ಲಿ 1947ರಲ್ಲಿ ಇದು ಅವರಿಗೆ ಹೊಳೆಯಿತು, 1948ರಲ್ಲಿ ಪ್ರಕಟವಾಯಿತು. ಹೆಜ್ಜೆಗೂಡಿದ ಬೆಳಕು ಆಗ ದುರ್ಲಭವಾಗಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ ಅಮೆರಿಕದ ಮಿಷಿಗನ್ನಿನಲ್ಲಿ ಲೀತ್ ಮತ್ತು ಉಪಾಟ್ನಿಯೆಕ್ಸ್, ರಷ್ಯದಲ್ಲಿ ಡೆನಿಸ್ಯುಕ್, ಬೇರೆ ಬೇರೆ ದಾರಿಗಳಲ್ಲಿ ಅದನ್ನು ಬೆಳೆಸಿದರು. ಗಾಬೋರರಿಗೆ 1971ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1964ರಲ್ಲಿ ಮಿಷಿಗನ್ನಿನವರು ತೋರಿಸಿ ಲೋಕವನ್ನು ಬೆರಗುಗೊಳಿಸಿದ ಹೊಲೊಗ್ರಾಮಿನಲ್ಲಿ ಇದ್ದುದು ಒಂದು ಆಟಿಕೆಯ ರೈಲು, ಒಂದು ಹಕ್ಕಿಯ ಗೊಂಬೆ. ಇದನ್ನು ಓದಿದಾಗ ನಮ್ಮ ಗೋಕಾವಿಯ ಬಣ್ಣದ ಗೊಂಬೆಗಳೂ ಹಣ್ಣುಗಳೂ ನೆನಪಿಗೆ ಬಂದವು. ಅವಕ್ಕೆ ಮೈಯಿದೆ, ರುಚಿಯಿಲ್ಲ. ಹೊಲೊಗ್ರಾಮಿನ ಹಣ್ಣಿಗೆ ಮೈಯೂ ಇಲ್ಲ.

ಈಗ ಹುಡುಗನ ಮೊದಲನೆಯ ಪ್ರಶ್ನೆ. ಲೇಸರಿನಿಂದ ಬರೆದ ಫಲಕದ ಪ್ರತಿಯೊಂದು ಎಡೆಗೂ ವಸ್ತುವಿನ ಎಲ್ಲ ಭಾಗಗಳಿಂದಲೂ ಬೆಳಕು ಬಂದಿರುತ್ತದೆ. ಆದುದರಿಂದ ತುಂಡಿನಲ್ಲಿ ಇಡೀ ವಸ್ತು ಕಾಣುವುದು ನಿಜ. ಕಿಟಕಿಗೆ ಹಲಗೆ ಬಡಿದು ಒಂದು ಕಿಂಡಿಯನ್ನು ಮಾತ್ರ ಬಿಟ್ಟರೂ ಕಿಂಡಿಗೆ ಕಣ್ಣಿಟ್ಟವನಿಗೆ ಅಂಗಳವೆಲ್ಲ ಕಾಣುವುದಿಲ್ಲವೆ? ಆದರೆ ಒಂದೇ ಕೋನದಿಂದ ಕಾಣುತ್ತದೆ, ಅತ್ತಿತ್ತ ಸರಿದು ನೋಡುವ ಅವಕಾಶ ಹೋಗುತ್ತದೆ. ತುಂಡು ಕಿರಿದಾದಷ್ಟೂ ಚಿತ್ರ ಮಸುಕಾಗುತ್ತದೆ. ಹಾಗಾಗಿ ತುಂಡು ಇಡಿಗೆ ಸಮಾನವೆಂಬುದು ಅಲ್ಲಿಯೂ ಪೂರ್ತಿ ನಿಜವಲ್ಲ. ಇನ್ನು ಡಬ್ಬಿಯ ಚೀಟಿಯದು ಬೇರೆಯೇ ಜಾತಿ. 1968ರಲ್ಲಿ ಅಮೆರಿಕದ ಸ್ಟೀಫನ್ ಬೆಂಟನ್ನರು ಕಂಡುಹಿಡಿದ ಕಾಮನಬಿಲ್ಲಿನ ಹೊಲೊಗ್ರಾಮಿನ ವಂಶದ್ದು ಅದು. ಸಾಮಾನ್ಯ ಬೆಳಕಿನಲ್ಲಿಯೇ ಕಾಣಲೆಂದು ಚಿತ್ರವನ್ನು ಚೀಟಿಯ ಮೇಲ್ಮೈಯಲ್ಲಿಯೇ ನಿಲ್ಲಿಸಿರುತ್ತಾರೆ. ಆದಕಾರಣ ಅರ್ಧ ಚೀಟಿಗೆ ಅರ್ಧ ಚಿತ್ರವೇ ಗತಿ. ಹುಡುಗ ಕಂಡುದು ಸರಿ, ನಾನು ಹೇಳಿದುದು ತಪ್ಪು.

ನನ್ನ ತಪ್ಪಿನ ಬೇರು ಇನ್ನೂ ಆಳದಲ್ಲಿದೆಯೆಂದು ನನ್ನ ಅಭಿಪ್ರಾಯ. ಮುಖವು ಚಂದ್ರನಂತಿದೆಯೆಂದು ಕವಿ ಹೇಳಿದರೆ ಅದು ಉಪಮೆ. ಅದರಿಂದ ಚಂದ್ರನಿಗೆ ಕಣ್ಣು ಮೂಗುಗಳಿವೆಯೆಂದು ಯಾರೂ ಸಾಧಿಸಹೋಗುವುದಿಲ್ಲ. ಪಿಂಡಾಂಡವನ್ನು ತಿಳಿಸಲು ಹೊಲೊಗ್ರಾಮನ್ನು ಉಪಮೆಯಾಗಿ ತಂದರೆ ದೋಷವಿಲ್ಲ. ಡೇವಿಡ್ ಬೋಮ್ ಎಂಬ ಭೌತವಿಜ್ಞಾನಿಯೂ 1980ರ ತಮ್ಮ ಗ್ರಂಥದಲ್ಲಿ ಇಡಿಯ ಅಖಂಡತೆಯನ್ನು ತಿಳಿಸಲು ಅದನ್ನು ಬಳಸಿಕೊಂಡಿದ್ದಾರೆ. ಉಪಮೆಯನ್ನು ಪ್ರಮಾಣವೆಂದು ಮುಂದಿಟ್ಟು, ಶರಣರಿಗೆ ಲೇಸರಿನ ವಿದ್ಯೆ ತಿಳಿದಿತ್ತೆಂಬಂತೆ ನುಡಿಯುವುದು ಮಾತ್ರ ಸಲ್ಲದು. ಅದರಿಂದ ಶರಣರ ಹಿರಿಮೆ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ವಿಜ್ಞಾನವನ್ನು ಕಲಿಯುವ ಹುಡುಗನ ಕುತೂಹಲ ಮಾತ್ರ ಅಲ್ಲಿಗೆ ನಿಂತುಹೋಗುತ್ತದೆ. ಎಲ್ಲವೂ ಗೊತ್ತಿತ್ತೆಂದ ಮೇಲೆ ಹುಡುಕುವುದೇನು? ಮಠಗಳ ಶಾಲೆಗಳಲ್ಲಿ ಈ ಬಗೆಯ ಮಾತು ಸುಲಭವಾಗಿ ನಾಲಗೆಗೆ ಬರುತ್ತದೆಂಬುದನ್ನು ನಾನು ನನ್ನನ್ನೇ ಮೊದಲು ನಿಲ್ಲಿಸಿಕೊಂಡು ಹೇಳುತ್ತಿದ್ದೇನೆ.

ಎರಡನೆಯ ಪ್ರಶ್ನೆ ಅವನ ತಂದೆಯದು. ಹೊಳೆಯುವ ಚೀಟಿ ಇಂದು ಎಲ್ಲೆಲ್ಲಿಯೂ ಇದೆ. ಮಾಸ್ಟರ್‌ಕಾರ್ಡ್ ಸಂಸ್ಥೆ 1983ರಲ್ಲಿ ತನ್ನ ಕಾರ್ಡುಗಳ ಮೇಲೆ ಹೊಲೊಗ್ರಾಮನ್ನು ಹಾಕಿತು. ಮರುವರ್ಷ ಮಾರ್ಚಿಯಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆಯ ಮುಖಪುಟದ ಮೇಲೆ ಹದ್ದಿನ ಹೊಲೊಗ್ರಾಮ್ ಬಂದಿತು. ನಮ್ಮ ಮತದಾರರ ಗುರುತಿನ ಚೀಟಿ, ಔಷಧದ ಡಬ್ಬಿ, ಬೀಜದ ಪೊಟ್ಟಣ, ಯಂತ್ರದ ಬಿಡಿಭಾಗಗಳವರೆಗೂ ಅದು ಹಬ್ಬಿದೆ. ಸೂಕ್ಷ್ಮಗೆರೆಗಳ ನಿಕ್ಕಲ್ ಅಚ್ಚನ್ನು ಮಾಡಿಕೊಂಡು, ಅದರಿಂದ ತೆಳು ಪ್ಲಾಸ್ಟಿಕ್ಕಿನ ಮೇಲೆ ಲಕ್ಷಗಟ್ಟಲೆ ಒತ್ತಿ, ಅಲ್ಯೂಮಿನಿಯಮ್ಮಿನ ಲೇಪ ಕೊಡುತ್ತಾರೆ. ಫೋಟೋ ಯಂತ್ರದಿಂದಲೋ ಮುದ್ರಣದಿಂದಲೋ ಇದನ್ನು ನಕಲು ಮಾಡಲಾಗದು ಎಂಬುದೇ ಅದರ ಬೆಲೆ. ಆದರೆ ವಂಚಕನಿಗೆ ನಿಜವಾದ ನಕಲು ಬೇಕಾಗಿಯೇ ಇಲ್ಲ. ಉಡುಗೊರೆಗೆ ಸುತ್ತುವ ಮಿರುಗುವ ಹಾಳೆಯ ಚೂರನ್ನು ಅಂಟಿಸಿದರೂ ಬಣ್ಣಗಳು ಆಡುತ್ತವೆ. ಕೊಳ್ಳುವವನು ನೋಡುವುದು ಹೊಳಪನ್ನಷ್ಟೆ.

ನ್ಯಾಯ ವೇದಾಂತಗಳನ್ನು ಓದಿದವರಿಗೆ ಶುಕ್ತಿರಜತದ ದೃಷ್ಟಾಂತ ಗೊತ್ತು: ದಂಡೆಯ ಮೇಲೆ ಮಿನುಗುವ ಚಿಪ್ಪನ್ನು ಬೆಳ್ಳಿಯೆಂದು ಭ್ರಮಿಸಿ ಎತ್ತಿಕೊಳ್ಳುವುದು. ಚಿಪ್ಪಿನ ಒಳಪದರಗಳ ಆ ಬಣ್ಣದ ಹೊಳಪೂ ಬೆಳಕಿನ ಅಲೆಗಳು ಪದರ ಪದರಗಳಲ್ಲಿ ಪ್ರತಿಫಲಿಸಿ ಒಂದಕ್ಕೊಂದು ಕೂಡುವುದರಿಂದಲೇ ಬರುತ್ತದೆಂದು ನಾನು ಈಚೆಗೆ ತಿಳಿದೆ. ಹಳೆಯ ದೃಷ್ಟಾಂತ ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ಹೀಗೆ ಬಂದು ಕುಳಿತಿದೆ. ಭ್ರಾಂತಿಮದಲಂಕಾರ ಕಾವ್ಯದಲ್ಲಿ ಸೊಗಸು. ಹೊಲದಲ್ಲಿ ಅದು ಒಂದು ಹಂಗಾಮಿನ ಬೆಳೆಯನ್ನು ತಿನ್ನುತ್ತದೆ.

ರೈತನಾದವನು ಮಾಡಬೇಕಾದುದು ಕಷ್ಟದ್ದೇನಲ್ಲ. ಚೀಟಿಯನ್ನು ಬಿಸಿಲಿಗೆ ಹಿಡಿದು ಓರೆ ಮಾಡಬೇಕು. ಬರಿಯ ಬಣ್ಣ ಆಡಿದರೆ ಸಾಲದು. ಗುರುತು ಆಳದಲ್ಲಿರುವಂತೆ ಸರಿಯಬೇಕು, ಇಲ್ಲವೆ ಒಂದು ಚಿತ್ರ ಅಡಗಿ ಇನ್ನೊಂದು ಮೂಡಬೇಕು. ಅಷ್ಟಾದರೂ ಚೀಟಿ ಹೇಳುವುದು ಹೊದಿಕೆಯ ಮಾತನ್ನು, ಒಳಗಿನ ದ್ರವದ್ದನ್ನಲ್ಲ. ಪಕ್ಕಾ ರಸೀದಿ, ತಯಾರಿಕೆಯ ದಿನಾಂಕ, ತಂಡದ ಸಂಖ್ಯೆ ಇವುಗಳನ್ನು ಬಿಡಬಾರದು. ಐನೂರರ ನೋಟಿನಲ್ಲಿ ಹಸಿರಿನಿಂದ ನೀಲಿಗೆ ತಿರುಗುವ ಎಳೆಯನ್ನೂ ಜನ ಹೊಲೊಗ್ರಾಮ್ ಎನ್ನುತ್ತಾರೆ. ಬಣ್ಣ ಬದಲಿಸಿದುದೆಲ್ಲ ಹೊಲೊಗ್ರಾಮಲ್ಲ.

ಹೆಸರಿನ ಈ ಗೊಂದಲ ದೊಡ್ಡವರಲ್ಲಿಯೂ ಇದೆ. 2022ರ ಜನವರಿ 23ರಂದು ದೆಹಲಿಯ ಇಂಡಿಯಾ ಗೇಟಿನ ಬಳಿ ನೇತಾಜಿಯವರ 28 ಅಡಿ ಎತ್ತರದ ಹೊಲೊಗ್ರಾಮ್ ಪ್ರತಿಮೆ ಅನಾವರಣಗೊಂಡಿತೆಂದು ಓದಿದೆವಷ್ಟೆ. ಅದು ಪ್ರಬಲವಾದ ಪ್ರಕ್ಷೇಪಕ ಯಂತ್ರದಿಂದ ಪಾರದರ್ಶಕ ಪರದೆಯ ಮೇಲೆ ಬೀಳಿಸಿದ ಚಿತ್ರ. 1862ರಲ್ಲಿ ಲಂಡನ್ನಿನ ರಂಗದ ಮೇಲೆ ಪೆಪ್ಪರ್ ಎಂಬವರು ಓರೆಗಾಜಿನಲ್ಲಿ ಭೂತವನ್ನು ಕಾಣಿಸಿದ ತಂತ್ರಕ್ಕೆ, ನಮ್ಮ ಕಂಪನಿ ನಾಟಕಗಳ ಟ್ರಿಕ್ ಸೀನಿಗೆ ಅದು ಹತ್ತಿರದ ನೆಂಟ. ಗಾಬೋರರ ವಿದ್ಯೆಗೆ ದೂರದ್ದು. ಅದೇ ವರ್ಷ ಸೆಪ್ಟೆಂಬರ್ 8ರಂದು ಅಲ್ಲಿ ಕರಿಕಲ್ಲಿನ ಪ್ರತಿಮೆ ನಿಂತಿತು. ಕಡೆದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜರು.

ಹೊಲೊಗ್ರಫಿಯ ನಿಜವಾದ ಉಪಯೋಗಗಳು ಕಣ್ಣಿಗೆ ಬೀಳದೆ ಕೆಲಸ ಮಾಡುತ್ತಿವೆ. ಟೈರಿನ ಒಳಗಿನ ಬಿರುಕನ್ನು ಒಡೆಯದೆ ಕಾಣುವುದು, ವಿಮಾನ ಚಾಲಕನ ಕಣ್ಣಿನ ಮುಂದೆಯೇ ಅಂಕಿಗಳನ್ನು ತೇಲಿಸುವುದು, ಬಣ್ಣ ಹಾಕದೆಯೇ ರಕ್ತಕಣಗಳ ದಪ್ಪವನ್ನು ಅಳೆಯುವುದು ಇವೆಲ್ಲ ಅದರಿಂದ ಆಗುತ್ತವೆ. ನಮ್ಮ ನಾಡಿಗೂ ಇದರಲ್ಲಿ ಪಾಲುಂಟು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿದ್ದ ಪಂಚರತ್ನಂ ಎಂಬ ತರುಣರು 1956ರಲ್ಲಿ, ಇನ್ನೂ ಇಪ್ಪತ್ತೆರಡರ ಪ್ರಾಯದಲ್ಲಿ, ಧ್ರುವೀಕೃತ ಬೆಳಕಿನ ಪ್ರಾವಸ್ಥೆಯ ಬಗ್ಗೆ ಬರೆದ ಪ್ರಬಂಧ ದಶಕಗಳ ಕಾಲ ಮರೆಯಲ್ಲಿತ್ತು. 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿಯವರು ಅದಕ್ಕೆ ಸಂಬಂಧಿಸಿದ ಸಾಮಾನ್ಯ ನಿಯಮವನ್ನು ಬೇರೆ ದಾರಿಯಿಂದ ಕಂಡುಕೊಂಡ ಮೇಲೆ ಪಂಚರತ್ನರ ಹೆಸರು ಮತ್ತೆ ಬೆಳಕಿಗೆ ಬಂದಿತು. ಇಂದು ಒಂದು ಬಗೆಯ ತೆಳು ಹೊಲೊಗ್ರಾಮುಗಳು ಅದೇ ತತ್ತ್ವದ ಮೇಲೆ ನಿಂತಿವೆ. 1969ರಲ್ಲಿಯೇ ಅವರು ತೀರಿಕೊಂಡಿದ್ದರು. ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ಹೇಳುವ ನಮಗೆ, ನಿಜವಾಗಿ ತಿಳಿದಿದ್ದ ಈ ಒಬ್ಬರ ಹೆಸರು ಗೊತ್ತಿರಲಿಲ್ಲ.

ಈ ವಿಷಯವನ್ನೆಲ್ಲ ಕನ್ನಡದಲ್ಲಿ ಹೇಳಬಹುದೇ ಎಂದು ಕೇಳುವವರುಂಟು. ಗೋಕಾಕ ವರದಿಯ ಹೆಸರಿನಲ್ಲಿ 1982ರಲ್ಲಿ ನಾಡೆಲ್ಲ ಎದ್ದು ನಿಂತಿತು. ಊರಿನ ಹೆಸರು ನಮ್ಮದು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಮೇಲೆ ಆ ಕನ್ನಡದಲ್ಲಿ ಬೆಳಕಿನ ಪಾಠವನ್ನೂ ಹೇಳುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಹೊಲೊಗ್ರಾಮಿಗೆ ಪೂರ್ಣಲೇಖ ಎನ್ನಬಹುದೆಂದು ನನಗೆ ತೋರುತ್ತದೆ. ಗ್ರೀಕ್ ಮೂಲದ ಅರ್ಥವೂ ಅದೇ. ಒಪ್ಪಿಗೆಯಾಗದಿದ್ದರೆ ಹೊಲೊಗ್ರಾಮೇ ಇರಲಿ, ಜಗಳವಿಲ್ಲ. ವಿಷಯ ತಿಳಿದರೆ ಪದ ತಾನೇ ಪಳಗುತ್ತದೆ.

ದಾನಿಗಳಲ್ಲಿ ಒಂದು ಬಿನ್ನಹವಿದೆ. ಕಟ್ಟಡಕ್ಕೂ ಗೋಡೆಯ ಮೇಲಿನ ಹೆಸರಿನ ಕಲ್ಲಿಗೂ ನೀವು ಕೈಯೆತ್ತಿ ಕೊಟ್ಟಿದ್ದೀರಿ. ಈ ವರ್ಷ ಒಂದು ಚಿಕ್ಕ ಲೇಸರ್ ದೀಪ, ಕೆಲವು ಹಾಳೆ ಹೊಲೊಗ್ರಾಮ್ ಫಿಲ್ಮು, ಕಿಟಕಿಗಳಿಗೆ ಕಪ್ಪು ಪರದೆಯುಳ್ಳ ಒಂದು ಕೋಣೆ ಇಷ್ಟನ್ನು ಕೊಡಿಸಬೇಕು. ಅಲುಗಾಡದ ಮೇಜು ಬೇಕಲ್ಲವೇ ಎಂದರೆ, ಗಾಳಿ ತುಂಬಿದ ಟ್ಯೂಬುಗಳ ಮೇಲೆ ಮರಳಿನ ಪೆಟ್ಟಿಗೆಯಿಟ್ಟು ಹವ್ಯಾಸಿಗಳು ಹೊರದೇಶಗಳಲ್ಲಿ ಹೊಲೊಗ್ರಾಮ್ ಮಾಡಿದ್ದಾರೆ. ಬೆಳಕಿನ ಅಲೆಯ ಕಾಲು ಪಾಲಿನಷ್ಟು ಕದಲಿದರೂ ಗೆರೆಗಳು ಅಳಿಸಿಹೋಗುತ್ತವೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾದರೆ ಅಷ್ಟು ಸಾಕು. ಆದುದರಿಂದ ಕಾರ್ಖಾನೆಗಳ ಹಂಗಾಮು ಮುಗಿದ ಮೇಲೆ, ರಾತ್ರಿಯಲ್ಲಿ, ಲೇಸರಿಗೆ ಯಾರೂ ಕಣ್ಣೊಡ್ಡದಂತೆ ನೋಡಿಕೊಂಡು ಪ್ರಯೋಗ ಮಾಡೋಣವೆಂದು ವಿಜ್ಞಾನದ ಅಧ್ಯಾಪಕರು ಹೇಳಿದ್ದಾರೆ. ಟ್ಯೂಬುಗಳನ್ನು ತಾನು ತರುವುದಾಗಿ ಹುಡುಗ ಒಪ್ಪಿಕೊಂಡಿದ್ದಾನೆ. ಫಲಕದ ಮುಂದಿಡಲು ಗೋಕಾವಿಯ ಬಣ್ಣದ ಮಾವಿನ ಹಣ್ಣೊಂದನ್ನು ನಾನು ಕೊಂಡು ತಂದು ಬೀರುವಿನಲ್ಲಿ ಇಟ್ಟಿದ್ದೇನೆ.