ಧ್ವನಿ ತಂತ್ರಾಂಶಕ್ಕೂ ಮಲೆನಾಡಿನ ಪರೀಕ್ಷೆ ಇರಲಿ

ಮೊಬೈಲ್‌ಗೆ ಮಾತಾಡಿ ಕೆಲಸ ಮಾಡಿಸಿಕೊಳ್ಳುವುದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈಗ ಹೊಸ ಸಂಗತಿಯೇನಲ್ಲ. ಅಡಿಕೆ ಧಾರಣೆ ಹುಡುಕುವುದಕ್ಕೆ, ಬೆಂಗಳೂರಿನಲ್ಲಿರುವ ಮಕ್ಕಳಿಗೆ ಸಂದೇಶ ಕಳಿಸುವುದಕ್ಕೆ, ತೋಟದ ಕೆಲಸಕ್ಕೆ ಬಂದ ಉತ್ತರ ಭಾರತದ ಕಾರ್ಮಿಕರೊಂದಿಗೆ ವ್ಯವಹರಿಸುವುದಕ್ಕೆ, ಜೋಗ ನೋಡಲು ಬಂದ ಪರಭಾಷಿಕರಿಗೆ ದಾರಿ ಹೇಳುವುದಕ್ಕೆ ಈ ತಂತ್ರಾಂಶಗಳು ಒದಗುತ್ತಿವೆ. ಗೂಗಲ್ ತನ್ನ ಅನುವಾದ ಸೇವೆಗೆ ಕನ್ನಡವನ್ನು ಸೇರಿಸಿದ್ದು 2011ರಲ್ಲಿ. ಕನ್ನಡದಲ್ಲಿ ಮಾತಾಡಿ ಟೈಪ್ ಮಾಡಿಸುವ ಸೌಲಭ್ಯ ಕೊಟ್ಟಿದ್ದು 2017ರಲ್ಲಿ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ ಯೋಜನೆಗೆ ಚಾಲನೆ ಕೊಟ್ಟ ಮೇಲೆ, ಸರ್ಕಾರಿ ಸೇವೆಗಳನ್ನೂ ಬಾಯಿಮಾತಿನಲ್ಲೇ ಪಡೆಯುವ ಕಾಲ ಹತ್ತಿರವಾಗಿದೆ. ಇದು ಸ್ವಾಗತಿಸಬೇಕಾದ ಬದಲಾವಣೆ. ಆದರೆ ಸಾರ್ವಜನಿಕ ಹಣದಲ್ಲಿ ನಡೆಯುವ ಯಾವ ಧ್ವನಿ ಸೇವೆಯನ್ನೂ ಈ ಮೂರು ತಾಲ್ಲೂಕುಗಳ ಜನರ ನಿಜವಾದ ಆಡುಮಾತಿನಲ್ಲಿ ಪರೀಕ್ಷಿಸದೆ ಬಳಕೆಗೆ ತರಬಾರದು. ‘ಕನ್ನಡ ಬರುತ್ತದೆ’ ಎಂಬ ಕಂಪನಿಯ ಮಾತೊಂದನ್ನೇ ನಂಬಿ ಒಪ್ಪಿಕೊಳ್ಳುವುದು ಇಲ್ಲಿನ ಜನರಿಗೆ ಮಾಡುವ ಅನ್ಯಾಯ.

ಈ ಸೌಲಭ್ಯ ನಿಜವಾಗಿ ಯಾರಿಗೆ ಬೇಕು ಎಂಬುದನ್ನು ಮೊದಲು ನೋಡಬೇಕು. 2011ರ ಜನಗಣತಿಯ ಪ್ರಕಾರ ಶಿವಮೊಗ್ಗ ಜಿಲ್ಲೆಯ ಸಾಕ್ಷರತೆ ಶೇ 80.45. ಎಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಓದು ಬರಹ ಬಾರದು. ಸಾಕ್ಷರರ ಲೆಕ್ಕದಲ್ಲಿರುವವರಲ್ಲೂ ಮೊಬೈಲ್‌ನ ಸಣ್ಣ ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕಿ ಒಂದು ಅರ್ಜಿ ಬರೆಯಬಲ್ಲವರು ಕಡಿಮೆ. ದೃಷ್ಟಿ ಇಲ್ಲದವರಿಗೆ, ಕೈನಡುಕ ಇರುವ ಹಿರಿಯರಿಗೆ, ಶಾಲೆಯ ಮೆಟ್ಟಿಲು ಹತ್ತದ ಕೂಲಿಕಾರ ಹೆಂಗಸರಿಗೆ ಬಾಯಿಮಾತೇ ಸುಲಭದ ದಾರಿ. ಇಂಗ್ಲಿಷ್ ಬಲ್ಲ, ಪೇಟೆಯ ಕನ್ನಡ ಬಲ್ಲ ಯುವಕನಿಗೆ ಧ್ವನಿ ತಂತ್ರಾಂಶ ಒಂದು ಅನುಕೂಲ ಮಾತ್ರ. ಅದಿಲ್ಲದಿದ್ದರೂ ಅವನ ಕೆಲಸ ನಡೆಯುತ್ತದೆ. ಬೇರೆ ದಾರಿ ಇಲ್ಲದವರಿಗೆ ಅದು ಅಗತ್ಯ. ಹಾಗಾಗಿ ಈ ತಂತ್ರಾಂಶದ ಯೋಗ್ಯತೆಯನ್ನು ಅಳೆಯಬೇಕಾದ್ದು ಆ ಯುವಕನ ಮಾತನ್ನು ಅದು ಎಷ್ಟು ಚೆನ್ನಾಗಿ ಬರೆದುಕೊಂಡಿತು ಎಂಬುದರಿಂದಲ್ಲ, ಅಕ್ಷರ ಕಲಿಯದ ಹಿರಿಯರ ಮಾತನ್ನು ಎಷ್ಟು ಸರಿಯಾಗಿ ಹಿಡಿಯಿತು ಎಂಬುದರಿಂದ.

ಆ ಹಿರಿಯರು ಆಡುವ ಕನ್ನಡವಾದರೂ ಯಾವುದು? ಸಾಗರ, ಹೊಸನಗರಗಳ ಹವ್ಯಕರ ಮನೆಗಳಲ್ಲಿ ಹವಿಗನ್ನಡ, ದೀವರ ಕೇರಿಗಳಲ್ಲಿ ಅವರದೇ ಆಡುನುಡಿ, ತೀರ್ಥಹಳ್ಳಿ ಸೀಮೆಯ ಒಕ್ಕಲಿಗರಲ್ಲಿ ಇನ್ನೊಂದು ಬಗೆ. ಇವುಗಳ ನಡುವೆ ಕೊಂಕಣಿ, ಉರ್ದು, ತುಳು, ಬ್ಯಾರಿ ಮನೆಮಾತಿನವರು ಆಡುವ ಕನ್ನಡದ್ದು ಬೇರೆಯೇ ಧಾಟಿ. 2011ರ ಜನಗಣತಿ ಎಣಿಸಿದ 4.37 ಕೋಟಿ ಕನ್ನಡ ಮಾತೃಭಾಷಿಕರಲ್ಲಿ ಇಲ್ಲಿನ ಕನ್ನಡಗಳೆಲ್ಲ ಒಂದೇ ಸಾಲಿಗೆ ಸೇರಿಹೋಗಿವೆ. ವ್ಯತ್ಯಾಸ ಉಚ್ಚಾರಣೆಯದ್ದಷ್ಟೇ ಅಲ್ಲ, ವ್ಯಾಕರಣದ್ದೂ ಹೌದು. ಸಾಗರದ ಹವಿಗನ್ನಡದಲ್ಲಿ ‘ಆನು ಹೋಗ್ತಿ’ ಎಂದರೆ ನಾನು ಹೋಗುತ್ತೇನೆ ಎಂದು. ಬಯಲುಸೀಮೆಯ ಕಿವಿಗೆ ‘ಹೋಗ್ತಿ’ ಎಂಬುದು ನೀನು ಹೋಗುತ್ತೀಯೆ ಎಂದು ಕೇಳಿಸುತ್ತದೆ. ಅದೇ ಮಾತಿನಲ್ಲಿ ‘ಅಕ್ಕ ಬಂತು’ ಎನ್ನುವುದು ಸಹಜ ಪ್ರಯೋಗ; ಹೆಂಗಸರನ್ನು ಕುರಿತು ‘ಅದು’ ಎನ್ನುವುದರಲ್ಲಿ ಅಗೌರವವೇನೂ ಇಲ್ಲ. ಇದರ ಅರಿವಿಲ್ಲದ ಅನುವಾದ ತಂತ್ರಾಂಶ ಮನುಷ್ಯರನ್ನು ವಸ್ತುವಾಗಿಸಬಹುದು. ಆಸ್ಪತ್ರೆಯಲ್ಲಿ ಹೇಳಿಕೊಂಡ ನೋವು ಯಾರದ್ದು ಎಂಬುದನ್ನೇ ಅದಲುಬದಲು ಮಾಡಬಹುದು.

ಪಕ್ಕದ ಮನೆಯವರಿಗೆ ನಮ್ಮ ಮಾತು ತಿಳಿಯದಿದ್ದರೆ ‘ಎಂತದು?’ ಎಂದು ಮತ್ತೆ ಕೇಳುತ್ತಾರೆ. ತಂತ್ರಾಂಶ ಸಾಮಾನ್ಯವಾಗಿ ಹಾಗೆ ಕೇಳುವುದಿಲ್ಲ. ತಾನು ಕಲಿತ ಧ್ವನಿಗಳಲ್ಲಿ ಹತ್ತಿರದ್ದನ್ನು ಆರಿಸಿ, ತಾನು ಓದಿದ ವಾಕ್ಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದಕ್ಕೆ ಹೊಂದಿಸಿ, ಅನುಮಾನವೇ ಇಲ್ಲದಂತೆ ಬರೆದು ಮುಗಿಸುತ್ತದೆ. ಅದು ಕಲಿತಿರುವುದು ಬಹುಪಾಲು ಸುದ್ದಿವಾಚಕರ, ಓದಿದವರ, ಪೇಟೆಯವರ ಮಾತನ್ನಾದರೆ ಉಳಿದವರ ಮಾತಿನಲ್ಲಿ ತಪ್ಪು ಹೆಚ್ಚುವುದು ಖಚಿತ. ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದಾರೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಕಂಪನಿಗಳ ಧ್ವನಿ ತಂತ್ರಾಂಶಗಳನ್ನು ಪರೀಕ್ಷಿಸಿತು. ಬಿಳಿಯರ ಮಾತಿನಲ್ಲಿ ನೂರು ಪದಗಳಿಗೆ ಸರಾಸರಿ 19 ತಪ್ಪಾದರೆ, ಕಪ್ಪು ಜನರ ಮಾತಿನಲ್ಲಿ 35 ತಪ್ಪುಗಳಾದವು. ಇಬ್ಬರದೂ ಇಂಗ್ಲಿಷೇ. ಜಗತ್ತಿನಲ್ಲೇ ಹೆಚ್ಚು ದತ್ತಾಂಶವಿರುವ ಭಾಷೆಯಲ್ಲಿ ಇಷ್ಟು ಅಂತರವಿದ್ದರೆ, ದತ್ತಾಂಶದ ಬಡತನವಿರುವ ಕನ್ನಡದ ಒಳನುಡಿಗಳ ಗತಿಯೇನು ಎಂದು ಯಾರಾದರೂ ಊಹಿಸಬಹುದು.

ಮಾತಿನ ಅನುವಾದದಲ್ಲಂತೂ ತಪ್ಪುಗಳು ಒಂದರ ಮೇಲೊಂದು ಪೇರುತ್ತವೆ. ಸಾಮಾನ್ಯವಾಗಿ ತಂತ್ರಾಂಶ ಮೊದಲು ಧ್ವನಿಯನ್ನು ಬರಹ ಮಾಡುತ್ತದೆ, ಬರಹವನ್ನು ಇನ್ನೊಂದು ಭಾಷೆಗೆ ತಿರುಗಿಸುತ್ತದೆ, ಬಳಿಕ ಅದನ್ನು ಓದಿ ಹೇಳುತ್ತದೆ. ಪ್ರತಿ ಹಂತದಲ್ಲೂ ಹತ್ತರಲ್ಲಿ ಒಂಬತ್ತು ಸರಿ ಎಂದು ಇಟ್ಟುಕೊಂಡರೂ ಮೂರು ಹಂತ ದಾಟುವಾಗ ಸರಿಯಾಗಿ ಉಳಿಯುವುದು ನೂರರಲ್ಲಿ 73 ಮಾತ್ರ. ಬರೆದ ಶಿಷ್ಟ ಕನ್ನಡವೇ ಹೇಗೆ ಎಡವಟ್ಟಾಗಬಹುದು ಎಂಬುದಕ್ಕೆ 2025ರ ಜುಲೈನ ಪ್ರಕರಣ ಸಾಕ್ಷಿ. ಹಿರಿಯ ನಟಿ ಬಿ. ಸರೋಜಾದೇವಿ ಅವರ ನಿಧನಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಂತಾಪ ಸೂಚಿಸಿದ ಕನ್ನಡ ಬರಹವನ್ನು ಮೆಟಾ ಕಂಪನಿಯ ಸ್ವಯಂ ಅನುವಾದ ಇಂಗ್ಲಿಷಿಗೆ ತಿರುಗಿಸಿದಾಗ, ಮುಖ್ಯಮಂತ್ರಿಯೇ ತೀರಿಕೊಂಡರು ಎಂಬ ಅರ್ಥ ಬಂತು. ಸರ್ಕಾರ ಆಕ್ಷೇಪಿಸಿತು, ಕಂಪನಿ ಕ್ಷಮೆ ಕೇಳಿತು. ಮುಖ್ಯಮಂತ್ರಿಯ ವಿಷಯವಾದ್ದರಿಂದ ಅದು ಸುದ್ದಿಯಾಯಿತು. ತೀರ್ಥಹಳ್ಳಿಯ ಯಾವುದೋ ಮನೆಯಲ್ಲಿ ಆದ ಇಂಥದೇ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ, ಯಾರೂ ಕ್ಷಮೆ ಕೇಳುವುದಿಲ್ಲ.

ತಪ್ಪಿನ ಬೆಲೆ ಎಷ್ಟು ಎಂಬುದು ಸಂದರ್ಭದ ಮೇಲೆ ನಿಂತಿದೆ. ಹುಟ್ಟುಹಬ್ಬದ ಶುಭಾಶಯದಲ್ಲಿ ಅಕ್ಷರ ತಪ್ಪಿದರೆ ಏನೂ ಆಗದು. ಆದರೆ ಮಂಗನ ಕಾಯಿಲೆಯನ್ನು ನೆನೆಯಿರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾಗಿ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೀವ ತೆಗೆದ, ಉಣುಗಿನ ಕಡಿತದಿಂದ ಹರಡುವ ಕಾಯಿಲೆಯಿದು. ದರಗು ಗುಡಿಸಲು ಕಾಡಿಗೆ ಹೋದ ಹೆಂಗಸು ‘ಉಣುಗು ಕಚ್ಚಿದೆ’ ಎಂದು ಹೇಳಿದ್ದು ವೈದ್ಯರಿಗೆ ಸರಿಯಾಗಿ ತಲುಪಲೇಬೇಕು. ಇದನ್ನೇ ಕೆಲವರು ‘ಉಣ್ಣೆ’ ಎನ್ನುತ್ತಾರೆ. ನಿಘಂಟಿನಲ್ಲಿ ಉಣ್ಣೆಗೆ ಕುರಿಯ ತುಪ್ಪಳವೆಂಬ ಅರ್ಥವೂ ಇದೆ. ಸಂದರ್ಭ ತಿಳಿಯದ ತಂತ್ರಾಂಶ ಯಾವ ಅರ್ಥ ಹಿಡಿಯುತ್ತದೋ ಹೇಳಲಾಗದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಈ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಔಷಧಿ ಹೊಡೆದ ಕೂಲಿಯೂ ಹೋಯಿತು, ಫಸಲೂ ಹೋಯಿತು. ತಪ್ಪಾಗಿ ಕೇಳಿಸಿಕೊಳ್ಳುವುದಷ್ಟೇ ಅಲ್ಲ, ಯಾರೂ ಆಡದ ಮಾತನ್ನು ತಾನೇ ಹುಟ್ಟಿಸಿ ಬರೆಯುವ ದೋಷವೂ ಈ ತಂತ್ರಜ್ಞಾನಕ್ಕಿದೆ. ಓಪನ್‌ಎಐ ಕಂಪನಿಯ ‘ವಿಸ್ಪರ್’ ತಂತ್ರಾಂಶದ ಬಗ್ಗೆ 2024ರಲ್ಲಿ ಬಂದ ಅಧ್ಯಯನ, ಪರೀಕ್ಷಿಸಿದ ಧ್ವನಿ ತುಣುಕುಗಳಲ್ಲಿ ಸುಮಾರು ಶೇ 1ರಷ್ಟರಲ್ಲಿ ಇಂಥ ಕಟ್ಟುಮಾತುಗಳನ್ನು ಗುರುತಿಸಿತು.

ಹಾಗೆಂದು ಏನೂ ಕೆಲಸ ನಡೆದಿಲ್ಲ ಎಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ಕೈಗೊಂಡ ‘ವಾಣಿ’ ಯೋಜನೆ ದೇಶದ 773 ಜಿಲ್ಲೆಗಳ ಮಾತನ್ನು ಸಂಗ್ರಹಿಸುವ ಗುರಿ ಇಟ್ಟುಕೊಂಡಿದೆ. ಚಿತ್ರ ತೋರಿಸಿ, ಅದರ ಬಗ್ಗೆ ತಮ್ಮದೇ ಮಾತಿನಲ್ಲಿ ಹೇಳಿ ಎಂದು ಜನರನ್ನು ಕೇಳುವುದು ಅದರ ವಿಧಾನ. ಅದರ ಮೊದಲ ಹಂತದ ಜಿಲ್ಲೆಗಳಲ್ಲೇ ಶಿವಮೊಗ್ಗವೂ ಸೇರಿತು, ದತ್ತಾಂಶ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಇದು ಒಳ್ಳೆಯ ಬುನಾದಿ. ಆದರೆ ಭದ್ರಾವತಿ, ಶಿಕಾರಿಪುರಗಳ ಮಾತೂ ಶಿವಮೊಗ್ಗ ಜಿಲ್ಲೆಯದೇ, ಆಗುಂಬೆಯ ಮಾತೂ ಅದೇ ಜಿಲ್ಲೆಯದೇ. ಜಿಲ್ಲೆಯ ಲೆಕ್ಕದಲ್ಲಿ ಸಂಗ್ರಹಿಸಿದರೆ ಘಟ್ಟದಂಚಿನ ನುಡಿಗೆ ಎಷ್ಟು ಪಾಲು ಸಿಕ್ಕಿತು ಎಂಬುದು ತಿಳಿಯುವುದಿಲ್ಲ. ಅಲ್ಲದೆ ಸಂಗ್ರಹವಾದ ಮಾತಿನಲ್ಲಿ ಬರಹಕ್ಕಿಳಿಯುವುದು ಸಣ್ಣ ಪಾಲು ಮಾತ್ರ. ಕೇಳಿ ಬರೆದುಕೊಳ್ಳುವವರು ಆ ನುಡಿಯನ್ನು ಬಲ್ಲವರಲ್ಲದಿದ್ದರೆ, ‘ತಿದ್ದುವ’ ಉಮೇದಿನಲ್ಲಿ ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿಬಿಡುತ್ತಾರೆ. ಆಗ ತಂತ್ರಾಂಶಕ್ಕೆ ಕಲಿಸಬೇಕಾದ್ದೇ ಕಳೆದುಹೋಗುತ್ತದೆ.

ಒಳನುಡಿಗಳಿಗೆಲ್ಲ ಇಷ್ಟು ಮಹತ್ವ ಕೊಟ್ಟರೆ ಕನ್ನಡ ಒಡೆದು ಚೂರಾಗುವುದಿಲ್ಲವೇ ಎಂಬುದು ಹಲವರ ಆಕ್ಷೇಪ. ಕನ್ನಡದ ಒಗ್ಗಟ್ಟಿನ ಬಗ್ಗೆ ಕಾಳಜಿ ಇರುವವರೇ ಇದನ್ನು ಕೇಳುತ್ತಾರೆ, ಆದ್ದರಿಂದ ನೇರ ಉತ್ತರ ಕೊಡಬೇಕು. ಕೇಳಿಸಿಕೊಳ್ಳುವುದು ಬೇರೆ, ಬರೆಯುವುದು ಬೇರೆ. ಅರ್ಜಿ, ವರದಿ, ದಾಖಲೆಗಳನ್ನು ತಂತ್ರಾಂಶ ಶಿಷ್ಟ ಕನ್ನಡದಲ್ಲೇ ಬರೆಯಲಿ. ಆಡಿದವರ ಮಾತನ್ನು ಮಾತ್ರ ಅವರ ನುಡಿಯಲ್ಲೇ ಅರಿಯಲಿ. ಒಳ್ಳೆಯ ಗುಮಾಸ್ತ ಲಾಗಾಯ್ತಿನಿಂದ ಮಾಡಿಕೊಂಡು ಬಂದದ್ದೂ ಇದನ್ನೇ. ಮಲೆನಾಡಿನ ಆಡುಮಾತಿಗೆ ಜಾಗ ಕೊಟ್ಟದ್ದರಿಂದ ಕನ್ನಡ ಬಡವಾಗಲಿಲ್ಲ ಎಂಬುದಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1967ರಲ್ಲಿ ಅದು ಬಂದಾಗ ಕನ್ನಡ ಒಡೆಯಲಿಲ್ಲ, ಬೆಳೆಯಿತು. ನಿಜವಾಗಿ ಒಡಕು ಹುಟ್ಟುವುದು, ಸರ್ಕಾರದ ತಂತ್ರಾಂಶ ಕೆಲವರ ಕನ್ನಡವನ್ನು ಕೇಳಿ ಉಳಿದವರದನ್ನು ಕನ್ನಡವೇ ಅಲ್ಲವೆಂಬಂತೆ ತಳ್ಳಿದಾಗ.

ಎರಡನೆಯ ಆಕ್ಷೇಪ ತಾಳ್ಮೆಯದ್ದು: ತಂತ್ರಜ್ಞಾನ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ, ಜನರೂ ಹೊಂದಿಕೊಳ್ಳುತ್ತಾರೆ, ಇಷ್ಟು ಸಣ್ಣ ಪ್ರದೇಶಕ್ಕಾಗಿ ಖರ್ಚು ಯಾಕೆ ಎಂದು. ಸುಧಾರಣೆ ಆಗುತ್ತಿರುವುದು ನಿಜ. ಗೂಗಲ್ ಅನುವಾದಕ್ಕೆ 2022ರಲ್ಲಿ ಕೊಂಕಣಿ, 2024ರಲ್ಲಿ ತುಳು ಸೇರಿದವು. ಆದರೆ ಆ ಭಾಷೆಗಳಿಗೆ ತಮ್ಮದೇ ಹೆಸರಿದೆ, ದನಿ ಎತ್ತುವ ಅಕಾಡೆಮಿಗಳಿವೆ. ಕನ್ನಡದೊಳಗಿನ ನುಡಿಗಳಿಗೆ ‘ಕನ್ನಡ ಈಗಾಗಲೇ ಇದೆಯಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇನ್ನು ಹೊಂದಿಕೊಳ್ಳುವವರು ಯಾರು? ಶಾಲೆ ಕಲಿತವರು ಫೋನಿನ ಮುಂದೆ ತಮ್ಮ ಮಾತು ಬದಲಿಸಬಲ್ಲರು. ಎಪ್ಪತ್ತು ದಾಟಿದ ಅಜ್ಜಿಗೆ ಅದು ಆಗದು. ಕಾಯುತ್ತ ಕೂತರೆ ಆ ನುಡಿಯನ್ನು ಕಲಬೆರಕೆಯಿಲ್ಲದೆ ಆಡುವ ತಲೆಮಾರೇ ಇಲ್ಲವಾಗುತ್ತದೆ. ಖರ್ಚಿನ ಮಾತಿಗೆ ಬಂದರೆ, ವ್ಯಾಪಾರಿ ಕಂಪನಿಗೆ ಲಾಭದ ಲೆಕ್ಕ ಇರಬಹುದು. ಸರ್ಕಾರಕ್ಕೆ ಪ್ರಜೆಗಳೆಲ್ಲ ಸಮಾನರು ಎಂಬ ಲೆಕ್ಕ ಇರಬೇಕು.

ಮೂರನೆಯದು ಖಾಸಗಿತನದ ಭಯ, ಅದು ನ್ಯಾಯವಾದದ್ದು. ಧ್ವನಿ ಎಂದರೆ ವ್ಯಕ್ತಿಯ ಗುರುತು. ಅದನ್ನು ನಕಲು ಮಾಡಿ ವಂಚಿಸುವವರೂ ಹುಟ್ಟಿಕೊಂಡಿದ್ದಾರೆ. ಆದ್ದರಿಂದ ಧ್ವನಿ ಸಂಗ್ರಹ ಕದ್ದುಮುಚ್ಚಿ ನಡೆಯಬಾರದು. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆ ಒಪ್ಪಿಗೆಯ ತತ್ವವನ್ನು ಎತ್ತಿಹಿಡಿದಿದೆ. ಧ್ವನಿ ಕೊಟ್ಟವರಿಗೆ ಅದು ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ಬಳಕೆಯಾಗುತ್ತದೆ ಎಂಬುದನ್ನು ಅವರ ಭಾಷೆಯಲ್ಲೇ ಹೇಳಬೇಕು. ಕೂಲಿಯನ್ನೂ ಕೊಡಬೇಕು. ಹಳ್ಳಿಗರ ಧ್ವನಿಗೆ ಒಳ್ಳೆಯ ಕೂಲಿ ಕೊಟ್ಟು, ದತ್ತಾಂಶ ಮತ್ತೆ ಮಾರಾಟವಾದಾಗ ಅವರಿಗೂ ಪಾಲು ಕೊಡುವ ಪದ್ಧತಿಯನ್ನು ಬೆಂಗಳೂರಿನ ‘ಕಾರ್ಯ’ ಸಂಸ್ಥೆ ರೂಪಿಸಿದೆ. ಇದು ಆಗದ ಕೆಲಸವೇನಲ್ಲ ಎಂಬುದಕ್ಕೆ ಅದೇ ಪುರಾವೆ.

ಹಾಗಾದರೆ ಆಗಬೇಕಾದ್ದೇನು? ಕೃಷಿ, ಆರೋಗ್ಯ, ಕಂದಾಯ ಇಲಾಖೆಗಳು ಯಾವುದೇ ಧ್ವನಿ ಸೇವೆ ಕೊಳ್ಳುವ ಮುನ್ನ, ಬೇರೆಬೇರೆ ಸಮುದಾಯಗಳ, ಬೇರೆಬೇರೆ ವಯಸ್ಸಿನ ಹೆಂಗಸರು ಗಂಡಸರಿಂದ ಮಾತಾಡಿಸಿ, ಯಾರ ಮಾತಿನಲ್ಲಿ ಎಷ್ಟು ತಪ್ಪಾಯಿತು ಎಂಬುದನ್ನು ಪ್ರಕಟಿಸಬೇಕು. ತನ್ನ ಊಹೆ ಎಷ್ಟು ಗಟ್ಟಿ ಎಂದು ತಂತ್ರಾಂಶ ಒಳಗೊಳಗೇ ಲೆಕ್ಕ ಹಾಕಬಲ್ಲದು. ಅನುಮಾನವಿದ್ದಾಗ ಮತ್ತೆ ಕೇಳುವಂತೆ ಅದನ್ನು ರೂಪಿಸಬೇಕು. ಹಣ, ಔಷಧಿಯ ಪ್ರಮಾಣ, ಸರ್ವೆ ನಂಬರ್, ಹೆಸರು ಬಂದಾಗಲೆಲ್ಲ ಓದಿ ಹೇಳಿ, ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಫೋನಿನ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಶರಾವತಿ ಹಿನ್ನೀರಿನ ಊರುಗಳಿಗಾಗಿ ಇಂಟರ್‌ನೆಟ್ ಇಲ್ಲದೆ ಫೋನಿನಲ್ಲೇ ನಡೆಯುವ ಆವೃತ್ತಿ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಧ್ವನಿ ಸೇವೆ ಬಂತೆಂದು ನಾಡಕಚೇರಿಯ, ಆಸ್ಪತ್ರೆಯ ಸಿಬ್ಬಂದಿಯನ್ನು ಕಡಿಮೆ ಮಾಡಕೂಡದು. ಯಂತ್ರಕ್ಕೆ ತಿಳಿಯದಾಗ ಮನುಷ್ಯರೊಬ್ಬರು ಕೇಳಿಸಿಕೊಳ್ಳುವ ವ್ಯವಸ್ಥೆ ಉಳಿಯಲೇಬೇಕು.

ಈ ಕೆಲಸಕ್ಕೆ ಬೇಕಾದ ಜನ ಇಲ್ಲೇ ಇದ್ದಾರೆ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ತೋಟದ ಪದಗಳು ಗೊತ್ತು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಭಾಷಾ ಅಧ್ಯಯನದ ಅನುಭವವಿದೆ, 1949ರಿಂದ ಮಾತನ್ನೇ ಕಲೆಯಾಗಿ ದುಡಿಸಿಕೊಂಡ ಹೆಗ್ಗೋಡಿನ ನೀನಾಸಂ ಇದೆ, ಮೂರೂ ತಾಲ್ಲೂಕುಗಳ ಕಾಲೇಜುಗಳಲ್ಲಿ ಅಜ್ಜ ಅಜ್ಜಿಯ ಮಾತು ಅರ್ಥವಾಗುವ ವಿದ್ಯಾರ್ಥಿಗಳಿದ್ದಾರೆ. ಕೇಳಿ ಬರೆಯುವ ಕೆಲಸವನ್ನು ಅವರಿಗೇ ಸಂಬಳ ಕೊಟ್ಟು ವಹಿಸಬಹುದು. ಇದಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಣ ಇಡಬೇಕು, ಮೂರೂ ತಾಲ್ಲೂಕುಗಳನ್ನು ಪ್ರತಿನಿಧಿಸುವ ಶಾಸಕರು ವಿಧಾನಸಭೆಯಲ್ಲಿ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಲು ಒತ್ತಾಯಿಸಬೇಕು, ಗ್ರಾಮಸಭೆಗಳು ನಿರ್ಣಯ ಮಾಡಿ ಕಳಿಸಬೇಕು. ರಸ್ತೆ, ಸೇತುವೆ, ಟವರ್‌ಗಳಿಗಾಗಿ ಹೋರಾಡಿದ ಸೀಮೆಯಿದು. ತನ್ನ ಮಾತನ್ನು ಸರ್ಕಾರ ಸರಿಯಾಗಿ ಕೇಳಿಸಿಕೊಳ್ಳಲಿ ಎಂದು ಕೇಳುವುದು ಅವುಗಳಷ್ಟೇ ಮೂಲಭೂತವಾದ ಬೇಡಿಕೆ, ಅಷ್ಟೇ ಗಟ್ಟಿಯಾಗಿ ಕೇಳಬೇಕಾದದ್ದು.