ಶ್ರಮದಾನ ಮುಗಿದ ಮೇಲೆ: ಸಂತೇಬೆನ್ನೂರು ಸೀಮೆಯ ಕೆರೆಗಳಿಂದ ಜೈನ ಯುವಜನರು ಕಲಿಯಬೇಕಾದದ್ದು

ಊರಿನ ಕೆರೆ, ಕಲ್ಯಾಣಿಗಳನ್ನು ಉಳಿಸಲು ಯುವಕ ಯುವತಿಯರು ತಾವಾಗಿಯೇ ಮುಂದೆ ಬರುತ್ತಿರುವುದು ಈಚಿನ ವರ್ಷಗಳಲ್ಲಿ ನಾಡಿನ ಹಲವೆಡೆ ಕಾಣುತ್ತಿರುವ ಒಳ್ಳೆಯ ಬೆಳವಣಿಗೆ. ಭಾನುವಾರ ಬೆಳಗ್ಗೆ ಸಲಿಕೆ, ಬುಟ್ಟಿ ಹಿಡಿದು ಸೇರುತ್ತಾರೆ; ಗಿಡಗಂಟಿ ಕಡಿದು, ಪ್ಲಾಸ್ಟಿಕ್ ಆಯ್ದು, ಮೆಟ್ಟಿಲು ತೊಳೆಯುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಕಲ್ಯಾಣಿ ಮತ್ತೆ ಕಸದ ಗುಂಡಿಯಾಗಿರುವುದೂ ಉಂಟು. ಯಾವ ಕೆಲಸ ಉಳಿಯುತ್ತದೆ, ಯಾವುದು ಫೋಟೊಗೇ ಮುಗಿಯುತ್ತದೆ ಎಂಬುದನ್ನು ತಿಳಿಯಲು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಸೀಮೆಯನ್ನು ನೋಡಬೇಕು.

ಒಂದು ಪುಷ್ಕರಣಿ, ಒಂದು ಕೆರೆ

ಸಂತೇಬೆನ್ನೂರಿನ ಪುಷ್ಕರಣಿಯನ್ನು ಕಟ್ಟಿಸಿದವನು ಪಾಳೆಯಗಾರ ಕೆಂಗ ಹನುಮಪ್ಪ ನಾಯಕ. ಕಾಲ 16ನೇ ಶತಮಾನ. ನಡುವೆ ವಸಂತ ಮಂಟಪ, ಸುತ್ತ ಇಳಿಯುವ ಕಲ್ಲಿನ ಮೆಟ್ಟಿಲುಗಳು, ಪಕ್ಕದಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಈ ಸ್ಮಾರಕಗಳು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಂದರೆ ಇಲ್ಲಿ ಊರಿನ ಹುಡುಗರು ಎಷ್ಟೇ ಉತ್ಸಾಹದಿಂದ ಬಂದರೂ ಒಂದು ಕಲ್ಲನ್ನು ಕದಲಿಸುವಂತಿಲ್ಲ, ಒಂದು ಹಿಡಿ ಸಿಮೆಂಟ್ ಮೆತ್ತುವಂತಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ರಕ್ಷಿತ ಸ್ಥಳದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಇಂಥಲ್ಲಿ ಯುವಕರು ಮಾಡಬಹುದಾದದ್ದು ಇಲಾಖೆಯ ಒಪ್ಪಿಗೆ ಪಡೆದು ಸ್ವಚ್ಛತೆ, ಕಸ ಬೀಳದಂತೆ ಕಾವಲು, ಬಂದವರಿಗೆ ಇತಿಹಾಸ ಹೇಳುವುದು. ಇದು ಚಿಕ್ಕ ಕೆಲಸವಲ್ಲ. ಆದರೆ ಸಲಿಕೆಗಿಂತ ಮೊದಲು ಇಲ್ಲಿ ಬೇಕಾದದ್ದು ಒಂದು ಅರ್ಜಿ.

ಇದೇ ತಾಲ್ಲೂಕಿನ ಸೂಳೆಕೆರೆಯ ಕಥೆ ಬೇರೆ. ಈಗ ಶಾಂತಿಸಾಗರ ಎಂದೂ ಕರೆಯುವ ಈ ಕೆರೆಯ ವಿಸ್ತಾರ ಐದು ಸಾವಿರ ಎಕರೆಗೂ ಹೆಚ್ಚು. ಹರಿದ್ರಾವತಿ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಈ ನೀರು ಸಿದ್ಧನಾಲೆ, ಬಸವನಾಲೆಗಳ ಮೂಲಕ ಹೊಲಗದ್ದೆಗೆ ಹರಿಯುತ್ತದೆ; ಚಿತ್ರದುರ್ಗ, ಚನ್ನಗಿರಿಯಂಥ ಪಟ್ಟಣಗಳಿಗೂ ಅನೇಕ ಹಳ್ಳಿಗಳಿಗೂ ಕುಡಿಯಲು ಹೋಗುತ್ತದೆ. ಇಂಥ ಕೆರೆಗೆ ಇದ್ದ ದೊಡ್ಡ ರೋಗ ಹೂಳು ಮಾತ್ರವಲ್ಲ, ಒತ್ತುವರಿ. ಅಡಿಕೆಗೆ ಬೆಲೆ ಬಂದ ಸೀಮೆಯಲ್ಲಿ ನೀರಿನ ಅಂಚಿನ ನೆಲಕ್ಕೂ ಬೆಲೆ ಬರುತ್ತದೆ. ಗಡಿ ಗುರುತಿಲ್ಲದ ಕೆರೆ ವರ್ಷಕ್ಕೆ ಒಂದಿಷ್ಟು ಕರಗುತ್ತದೆ.

ಇಲ್ಲಿ ಮುಂದೆ ಬಂದದ್ದು ಖಡ್ಗ ಸ್ವಯಂಸೇವಕರ ಸಂಘ. ಪಾಂಡೋಮಟ್ಟಿ ವಿರಕ್ತಮಠದ ಗುರುಬಸವ ಸ್ವಾಮೀಜಿಯವರ ಮಾರ್ಗದರ್ಶನದಲ್ಲಿ ಸೇರಿದ ಈ ಯುವಕರು ಹೂಳೆತ್ತಲು ಅವಸರ ಮಾಡಲಿಲ್ಲ. ಕೆರೆಯನ್ನು ಅಳೆಯಿರಿ, ಗಡಿ ಗುರುತಿಸಿ, ಒತ್ತುವರಿ ತೆರವು ಮಾಡಿ ಎಂದು ಕೇಳಿದರು. ಮನವಿ, ಸಭೆ, ಜಾಗೃತಿ ಎಂದು ಕಚೇರಿಯಿಂದ ಕಚೇರಿಗೆ ಅಲೆದರು. ಕೆರೆಯ ಸರ್ವೆ ಸಾರ್ವಜನಿಕ ಚರ್ಚೆಯ ವಿಷಯವಾಗಿ ಕಾರ್ಯರೂಪಕ್ಕೆ ಬಂದದ್ದರ ಹಿಂದೆ ಈ ಒತ್ತಾಯವಿತ್ತು. ಬೆವರಿನ ಶ್ರಮದಾನದಷ್ಟು ಇದು ಕಣ್ಣಿಗೆ ಕಾಣದು. ಆದರೆ ಅಳತೆಯಾಗಿ ದಾಖಲೆ ಸೇರಿದ ಗಡಿ, ಅದನ್ನು ಕೇಳಿದ ಹುಡುಗರು ಊರು ಬಿಟ್ಟು ಹೋದ ಮೇಲೂ ಉಳಿಯುತ್ತದೆ.

ಇದೇ ಜಿಲ್ಲೆಯ ಜಗಳೂರು ಬರದ ತಾಲ್ಲೂಕು. ಅಲ್ಲಿನ 57 ಕೆರೆಗಳಿಗೆ ತುಂಗಭದ್ರಾ ನೀರು ತುಂಬಿಸುವ ಯೋಜನೆ ಬಂದಿರುವುದು ಎಲ್ಲರಿಗೂ ಗೊತ್ತು. ಪೈಪಿನಲ್ಲಿ ನೀರು ಬಂದ ಮೇಲೂ ಅದು ನಿಲ್ಲಲು ಏರಿ, ತೂಬು, ಕೋಡಿ ಗಟ್ಟಿಯಾಗಿರಬೇಕು. ಸರ್ಕಾರ ತಂದ ನೀರನ್ನು ಕಾಯುವವರು ಊರಿನವರೇ.

ಜೈನ ಸಮಾಜಕ್ಕೆ ಇದೇಕೆ ಮುಖ್ಯ?

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.40 ಲಕ್ಷ, ರಾಜ್ಯದ ಜನಸಂಖ್ಯೆಯಲ್ಲಿ ಶೇ 1ಕ್ಕಿಂತ ಕಡಿಮೆ. ಹಳ್ಳಿಯ ಬಸದಿಯ ಸುತ್ತ ಹಿಂದೆ ಇದ್ದ ಮನೆಗಳು ಅನೇಕ ಕಡೆ ಬೆರಳೆಣಿಕೆಗೆ ಇಳಿದಿವೆ. ಓದಿದ ಮಕ್ಕಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಸೇರಿದ್ದಾರೆ. ಬಸದಿಗೆ ಸೇರಿದ ಕೊಳ, ಬಾವಿ, ಮಾನ್ಯದ ಹೊಲಗಳ ಗಡಿ ಬಲ್ಲವರು ಹಿರಿಯರು ಮಾತ್ರ. ಅವರ ಕಾಲ ಮುಗಿದರೆ ಆ ತಿಳಿವಳಿಕೆಯೂ ಮುಗಿಯುತ್ತದೆ. ಸೂಳೆಕೆರೆಗೆ ಬಂದ ಕಷ್ಟ ಸಣ್ಣ ಪ್ರಮಾಣದಲ್ಲಿ ಎಷ್ಟೋ ಬಸದಿಗಳ ಕಷ್ಟವೂ ಹೌದು.

ನೀರು ಕಾಯುವುದು ಸಮಾಜಕ್ಕೆ ಹೊಸ ಕೆಲಸವೇನಲ್ಲ. ಶ್ರವಣಬೆಳಗೊಳದ ಹೆಸರಿನಲ್ಲೇ ಬಿಳಿಯ ಕೊಳವಿದೆ. ಅಲ್ಲಿನ ಜಕ್ಕಿಕಟ್ಟೆಯನ್ನು ಕಟ್ಟಿಸಿದವಳು ಹೊಯ್ಸಳ ದಂಡನಾಯಕ ಗಂಗರಾಜನ ಅತ್ತಿಗೆ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ ಜಕ್ಕಿಮವ್ವೆ ಎಂದು ಶಾಸನ ಹೇಳುತ್ತದೆ. ಕೆರೆಯ ಬಳಿಯ ಬಂಡೆಯ ಮೇಲೆ ಜಿನಬಿಂಬವನ್ನೂ ಕೆತ್ತಿಸಿದಳು. ಜಿನಪೂಜೆ, ಜಲದಾನ ಎರಡೂ ಅವಳಿಗೆ ಒಂದೇ ಪುಣ್ಯಕಾರ್ಯದ ಭಾಗಗಳಾಗಿದ್ದವು.

ಶ್ರಾವಕಾಚಾರವೂ ಈ ವಿಷಯದಲ್ಲಿ ಮೌನವಾಗಿಲ್ಲ. ಗೃಹಸ್ಥರು ಬಿಡಬೇಕಾದ 15 ಕರ್ಮಾದಾನಗಳನ್ನು ಉಪಾಸಕದಶಾಂಗ ಸೂತ್ರ ಹೇಳುತ್ತದೆ. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಖರಕರ್ಮಗಳೆಂದು ಇವುಗಳ ಚರ್ಚೆಯಿದೆ. ಆ ಪಟ್ಟಿಯಲ್ಲಿ ಸರೋವರ, ಕೊಳ, ಕೆರೆಗಳನ್ನು ಬತ್ತಿಸುವುದೂ ಒಂದು. ಕೆರೆಯಂಗಳ ಒತ್ತಿ ತೋಟ ಮಾಡುವುದು ಬರೀ ಕಾನೂನಿನ ತಪ್ಪಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಡ.

ಆದರೆ ಅದೇ ಪಟ್ಟಿಯಲ್ಲಿ ನೆಲ ಅಗೆಯುವ ವೃತ್ತಿಯೂ ಇದೆ. ಹೂಳಿನಲ್ಲಿ ಜೀವಗಳಿವೆ, ಯಂತ್ರ ಇಳಿಸಿದರೆ ಹಿಂಸೆಯಾಗದೆ? ಸಮಾಜದ ಹಿರಿಯರು ಈ ಪ್ರಶ್ನೆ ಎತ್ತಿದರೆ ಯುವಕರು ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಬಾರದು. ಕರ್ಮಾದಾನದ ನಿಷೇಧ ಲಾಭಕ್ಕಾಗಿ ನಡೆಸುವ ಜೀವನೋಪಾಯದ ಕುರಿತದ್ದು ನಿಜ. ಹಾಗಿದ್ದರೂ ಯತ್ನಾಚಾರ ಬಿಡುವಂತಿಲ್ಲ. ತಾನಾಗಿ ಒಣಗಿದ ಭಾಗದಲ್ಲಷ್ಟೇ ಹೂಳು ತೆಗೆಯುವುದು, ಉಳಿದ ನೀರಿನ ಮಡುವನ್ನು ಪಂಪು ಹಚ್ಚಿ ಖಾಲಿ ಮಾಡದಿರುವುದು, ಮೀನು ಆಮೆಗಳಿಗೆ ಆ ಮಡುವನ್ನು ಬಿಡುವುದು: ಇಂಥ ನಿಯಮಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಸೋಸಿದ ನೀರಿನ ಜೀವಗಳನ್ನು ಮತ್ತೆ ಬಾವಿಗೇ ಬಿಡುವ ಪದ್ಧತಿ ಉಳ್ಳ ಸಮಾಜಕ್ಕೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ.

ನಡೆದು ಬಂದ ಮಾದರಿಗಳು

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮದಲ್ಲಿ ಊರಿನವರದೇ ಸಮಿತಿ ಇರುತ್ತದೆ. ತೆಗೆದ ಹೂಳನ್ನು ರೈತರು ತಮ್ಮ ಹೊಲಕ್ಕೆ ಸಾಗಿಸುತ್ತಾರೆ. 1985ರಲ್ಲಿ ಶಾಂತಿಲಾಲ್ ಮುಥಾ ಅವರು ಪುಣೆಯಲ್ಲಿ ಸ್ಥಾಪಿಸಿದ ಭಾರತೀಯ ಜೈನ ಸಂಘಟನೆ 2018ರಲ್ಲಿ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯಲ್ಲಿ ಹೂಳೆತ್ತುವ ದೊಡ್ಡ ಕೆಲಸ ಕೈಗೊಂಡಾಗಲೂ ಇದೇ ಬಗೆಯ ಹಂಚಿಕೆ ಇತ್ತು: ಯಂತ್ರ ಸಂಘಟನೆಯದು, ಡೀಸೆಲ್ ಸರ್ಕಾರದ್ದು, ಮಣ್ಣು ಸಾಗಿಸುವ ಖರ್ಚು ರೈತರದು. ಎರಡರಲ್ಲೂ ದಾನಿ ಒಬ್ಬನೇ ಎಲ್ಲ ಹೊರುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಪಾಲು ಇರುವುದರಿಂದ ಕೆರೆ ಪ್ರತಿಯೊಬ್ಬರದೂ ಆಗುತ್ತದೆ.

ಇದು ಜೈನ ಯುವಕ ಸಂಘಗಳಿಗೂ ಜೈನ್ ಮಿಲನ್ ಶಾಖೆಗಳಿಗೂ ಮುಖ್ಯ ಪಾಠ. ರಕ್ತದಾನ ಶಿಬಿರ, ವಿಹಾರ ಸೇವೆ, ಮಹಾಮಸ್ತಕಾಭಿಷೇಕದ ಸ್ವಯಂಸೇವೆಗಳಲ್ಲಿ ನಮ್ಮ ಯುವಜನರ ಶಿಸ್ತು ಎಲ್ಲರೂ ಮೆಚ್ಚುವಂಥದ್ದು. ಆದರೆ ಅವು ದಿನ ಗೊತ್ತಾದ ಕೆಲಸಗಳು. ಕೆರೆಯ ಕೆಲಸಕ್ಕೆ ಮುಗಿಯುವ ದಿನವಿಲ್ಲ. ಊರಿನ ಹತ್ತು ಜೈನ ಮನೆಗಳು ಮಾತ್ರ ಸೇರಿ ಮಾಡುವ ಕೆಲಸವೂ ಅದಲ್ಲ. ಲಿಂಗಾಯತ, ಕುರುಬ, ನಾಯಕ, ದಲಿತ, ಮುಸ್ಲಿಂ ಮನೆಗಳವರೂ ಸಮಿತಿಯಲ್ಲಿ ಕೂತಾಗಲೇ ಒತ್ತುವರಿಯ ಮಾತು ಎತ್ತುವ ಧೈರ್ಯ ಬರುತ್ತದೆ.

ಆರಂಭ ಎಲ್ಲಿಂದ?

ಮೊದಲು ದಾಖಲೆ. ಊರಿನ ಕೆರೆ ಅಥವಾ ಬಸದಿಯ ಕೊಳದ ಸರ್ವೆ ನಂಬರ್, ಪಹಣಿ, ಗ್ರಾಮ ನಕ್ಷೆ ತೆಗೆಸಬೇಕು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಊರಿನ ಹಿರಿಯರನ್ನು ಸ್ಥಳಕ್ಕೆ ಕರೆದೊಯ್ದು ಅವರು ತೋರಿಸುವ ಗಡಿಯನ್ನು ಬರೆದುಕೊಳ್ಳಬೇಕು.

ಎರಡನೆಯದು, ಕೆರೆ ಯಾರದೆಂದು ತಿಳಿಯುವುದು. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಗೆ ಸೇರುತ್ತವೆ. 40ರಿಂದ 2000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ. ರಕ್ಷಿತ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯನ್ನು ಕೇಳಬೇಕು. ತಪ್ಪು ಕಚೇರಿಗೆ ಕೊಟ್ಟ ಅರ್ಜಿಯಿಂದ ಒಂದು ಬೇಸಿಗೆ ಹೋಗುತ್ತದೆ.

ಮೂರನೆಯದು, ಗ್ರಾಮಸಭೆಯಲ್ಲಿ ಠರಾವು. ಅದಿಲ್ಲದೆ ಮಾಡಿದ ಕೆಲಸಕ್ಕೆ ನಾಳೆ ಯಾರೂ ಹೊಣೆಯಲ್ಲ.

ನಾಲ್ಕನೆಯದು, ಲೆಕ್ಕ. ವ್ಯಾಪಾರದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಖಾತೆ ಬರೆಯುವುದು ಗೊತ್ತು. ಬಂದ ದೇಣಿಗೆ, ಆದ ಖರ್ಚು, ಉಳಿದ ಹಣವನ್ನು ದಶಲಕ್ಷಣ ಪರ್ವ ಅಥವಾ ಪರ್ಯೂಷಣದಲ್ಲಿ ಸಮಾಜ ಸೇರಿದಾಗ ಓದಬೇಕು. ಗ್ರಾಮ ಪಂಚಾಯಿತಿಯ ಗೋಡೆಗೂ ಹಚ್ಚಬೇಕು.

ಕಾಲವೂ ಅನುಕೂಲಕರವಾಗಿಯೇ ಒದಗುತ್ತದೆ. ಮಹಾವೀರ ಜಯಂತಿಯಿಂದ ಮುಂಗಾರು ಬರುವವರೆಗಿನ ಎರಡು ತಿಂಗಳಲ್ಲಿ ಕೆರೆಗಳು ಒಣಗಿರುತ್ತವೆ, ರೈತರಿಗೆ ಬಿಡುವಿರುತ್ತದೆ, ಊರು ಬಿಟ್ಟವರು ರಜೆಗೆ ಬಂದಿರುತ್ತಾರೆ. ದೂರದಲ್ಲಿರುವವರು ಹಣ ಕಳಿಸಬಹುದು, ದಾಖಲೆಗಳನ್ನು ಗಣಕದಲ್ಲಿ ಜೋಡಿಸಬಹುದು. ಆದರೆ ಊರಲ್ಲೇ ಉಳಿದ ಇಬ್ಬರಾದರೂ ಹೊಣೆ ಹೊರದಿದ್ದರೆ ಯೋಜನೆ ಆರಂಭಿಸದಿರುವುದೇ ಮೇಲು. ಅಂಥ ಇಬ್ಬರು ಸಿಕ್ಕಿದ ಊರಿನಲ್ಲಿ ಹಿರಿಯರು ಮಾಡಬೇಕಾದ ಮೊದಲ ಕೆಲಸ, ಪೆಟ್ಟಿಗೆಯಲ್ಲಿಟ್ಟ ಹಳೆಯ ಕಾಗದಪತ್ರಗಳನ್ನು ತೆಗೆದು ಅವರ ಕೈಗೆ ಕೊಡುವುದು.