ಬಿಡುವಿನ ವೇಳೆ: ಒಂದೂವರೆ ಅಂಗುಲದ ಮನುಷ್ಯ

ಬೇಸಗೆಯ ರಜೆಯು ಬಂದಿತೆಂದರೆ ಮಕ್ಕಳನ್ನು ಮಧ್ಯಾಹ್ನದ ಬಿಸಿಲಿಗೆ ಬಿಡಲೂ ಆರದೆ, ಮನೆಯೊಳಗೆ ಸುಮ್ಮನೆ ಕೂಡಿಸಲೂ ಆರದೆ ಗೃಹಸ್ಥರು ಪಡುವ ಪಾಡು ನಮ್ಮ ವಾಚಕರಿಗೆ ತಿಳಿಯದುದಲ್ಲ. ಈ ಸಲ ನಮ್ಮಲ್ಲಿಗೆ ಬಂದ ಒಂಬತ್ತು ವರ್ಷದ ಸೋದರಳಿಯನು ತಗಡಿನ ಡಬ್ಬಿಯ ತುಂಬ ಲೆಗೋ ಬೊಂಬೆಗಳನ್ನು ತಂದಿದ್ದನು. ಅವನ ತಾಯಿಗೆ ಪುಣೆಗೆ ವರ್ಗವಾಗಿ, ಅಲ್ಲಿ ಮನೆ ಹೊಂದಿಸಿಕೊಳ್ಳುವವರೆಗೆ ಹುಡುಗನು ನಮ್ಮೊಡನೆ ಇರಬೇಕೆಂದು ಏರ್ಪಾಡಾಗಿತ್ತು. ಬೊಂಬೆಗಳ ಛಾಯಾಚಿತ್ರ ತೆಗೆಯುವ ಹುಚ್ಚು ನಮಗೆ ಹಿಡಿದುದು ಅವನಿಂದಲೇ.

ಲೆಗೋ ಎಂಬುದು ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿಯು 1932ರಲ್ಲಿ ಆರಂಭಿಸಿದ ಉದ್ಯಮ. ಒಂದಕ್ಕೊಂದು ಕಚ್ಚಿ ನಿಲ್ಲುವ ಈಗಿನ ಇಟ್ಟಿಗೆಯ ಪೇಟೆಂಟು 1958ರದು. ಕೈಕಾಲಾಡಿಸುವ ಪುಟ್ಟ ಮನುಷ್ಯನು ಬಂದುದು 1978ರಲ್ಲಿ. ಇವನ ಎತ್ತರ ಸುಮಾರು 4 ಸೆಂಟಿಮೀಟರು. ಮೊದಲ ಹತ್ತು ವರ್ಷ ಎಲ್ಲರಿಗೂ ಅದೇ ಹಳದಿ ಮುಖ, ಅದೇ ಎರಡು ಚುಕ್ಕೆಯ ಕಣ್ಣು, ಅದೇ ನಗೆ. 1989ರಲ್ಲಿ ಕಡಲ್ಗಳ್ಳರ ಬೊಂಬೆಗಳು ಹೊರಬಂದ ಮೇಲೆಯೇ ಮುಖಗಳು ಬೇರೆ ಬೇರೆಯಾದವು. ಫಿನ್ಲೆಂಡಿನ ವೇಸಾ ಲೆಹ್ತಿಮ್ಯಾಕಿಯವರು ತಮ್ಮ ಮಗನ ಆಟಿಕೆಗಳ ಚಿತ್ರ ತೆಗೆಯತೊಡಗಿ, ಆ ಚಿತ್ರಗಳನ್ನು 2015ರಲ್ಲಿ ಪುಸ್ತಕವಾಗಿಯೇ ಹೊರತಂದರು. ನವರಾತ್ರಿಯ ಬೊಂಬೆಗಳ ಮುಂದೆ ರಾಗಿಯನ್ನು ಮೊಳೆಯಿಸಿ ಹೊಲವನ್ನೂ ಕನ್ನಡಿಯನ್ನಿಟ್ಟು ಕೆರೆಯನ್ನೂ ಮಾಡಿದ ಮನೆಗಳಿಗೆ ಇದೇನೂ ತೀರ ಹೊಸ ವಿದ್ಯೆಯಲ್ಲವೆಂದು ನಮಗೆ ತೋರುತ್ತದೆ.

ನಮ್ಮ ಮೊದಲ ಚಿತ್ರವು ಕೆಟ್ಟಿತು. ನಿಂತಲ್ಲಿಂದಲೇ ತೆಗೆದುದರಿಂದ ಬೊಂಬೆಯು ನೆಲದ ಮೇಲೆ ಯಾರೋ ಬೀಳಿಸಿಕೊಂಡು ಹೋದ ಗುಂಡಿಯಂತೆ ಕಂಡಿತು. ಬೊಂಬೆಯ ಕಣ್ಣಿನ ಮಟ್ಟಕ್ಕೆ ಮಸೂರವು ಇಳಿಯಬೇಕು. ಮೊಬೈಲನ್ನು ತಲೆಕೆಳಗಾಗಿ ನೆಲಕ್ಕೆ ಊರಿದರೆ ಇದು ಸುಲಭ. ನಾವು ಮಾತ್ರ ಚಾಪೆಯ ಮೇಲೆ ಬೋರಲಾಗಿ ಮಲಗಬೇಕಾಯಿತು. ಬಹಳ ಹತ್ತಿರಕ್ಕೆ ಹೋದರೆ ಸ್ಪಷ್ಟವಾಗಿ ಕಾಣುವ ಭಾಗವು ಕೆಲವೇ ಮಿಲಿಮೀಟರಿಗೆ ಇಳಿದು, ಮೂತಿಯು ಚೊಕ್ಕಟವಾಗಿದ್ದು ಟೋಪಿಯು ಮಂಜಾಗುತ್ತದೆ. ಆದುದರಿಂದ ತುಸು ಹಿಂದಕ್ಕೆ ಸರಿದು ತೆಗೆದು, ಆಮೇಲೆ ಅಂಚುಗಳನ್ನು ಕತ್ತರಿಸಿಕೊಳ್ಳುವುದು ಲೇಸು. ದೀಪದ ನೇರ ಬೆಳಕಿಗೆ ಪ್ಲಾಸ್ಟಿಕ್ ತಲೆಯು ಮಿರಮಿರನೆ ಹೊಳೆಯುತ್ತದೆ. ಕಿಟಕಿಗೆ ಹಳೆಯ ಬಿಳಿಯ ಪಂಚೆಯನ್ನು ಇಳಿಬಿಟ್ಟು, ಎದುರು ಬದಿಗೆ ಒಂದು ಬಿಳಿಯ ರಟ್ಟನ್ನು ನಿಲ್ಲಿಸಿದೊಡನೆ ಬೆಳಕು ಹದಕ್ಕೆ ಬಂದಿತು.

ಇನ್ನು ಹಿಮದ ಕಥೆ. ಮೊದಲು ಸಕ್ಕರೆಯನ್ನು ಹರಡಿದೆವು. ಬೊಂಬೆಯು ನಮ್ಮ ನಲವತ್ತರಲ್ಲೊಂದು ಅಳತೆಯದಷ್ಟೆ. ಆ ಲೆಕ್ಕಕ್ಕೆ ಸಕ್ಕರೆಯ ಹರಳು ಜಲ್ಲಿಕಲ್ಲಾಯಿತು. ಅದೂ ಹೋಗಲಿ, ಕಾಫಿ ಕುಡಿದು ಬರುವಷ್ಟರಲ್ಲಿ ಹೆಗ್ಗಣದ ಗಾತ್ರದ ಇರುವೆಗಳು ಆ ಬಡಪಾಯಿಯನ್ನು ಮುತ್ತಿದ್ದವು! ಅಕ್ಕಿಹಿಟ್ಟೇ ಸರಿಯೆಂದು ಗೊತ್ತಾಯಿತು. ಜರಡಿಯಿಂದ ಮೆಲ್ಲಗೆ ಉದುರಿಸಿದರೆ ನಿಜವಾದ ಹಿಮವೇ. “ಅವನಂತೂ ಹುಡುಗ, ನಿಮಗೇನಾಗಿದೆ?” ಎಂದು ನಮ್ಮ ಮನೆಯವರು ಕೇಳಿದುದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಊದುಬತ್ತಿಯ ಹೊಗೆಯು ಮಂಜಿಗೆ ಒದಗುತ್ತದೆ. ಮಳೆಯನ್ನು ಮಾತ್ರ ನಾವು ಕೈಬಿಟ್ಟೆವು. ಒಂದೊಂದು ಹನಿಯೂ ಕುಂಬಳಕಾಯಿಯಷ್ಟಾಗುತ್ತದೆ. ಕೂಸಿರುವ ಮನೆಗಳಲ್ಲಿ ಬೊಂಬೆಯ ಟೋಪಿ, ಪೆಟ್ಟಿಗೆ ಮೊದಲಾದ ಚೂರುಗಳು ಬಾಯಿಗೆ ಹೋಗದಂತೆ ಎಣಿಸಿ ಎತ್ತಿಡತಕ್ಕದ್ದು.

ಈ ಬೊಂಬೆಯ ತಲೆಯು ಎಡಕ್ಕೂ ಬಲಕ್ಕೂ ತಿರುಗುವುದೇ ಹೊರತು ಬಾಗಲಾರದು. ಮುಖವೂ ಬದಲಾಗದು. ಇದು ದೊಡ್ಡ ಕೊರತೆಯೆಂದು ನಾವು ಭಾವಿಸಿದ್ದೆವು.

ಒಂದು ಸಂಜೆ ಹುಡುಗನು ನಮ್ಮ ನೆರವಿಲ್ಲದೆ ತಾನೇ ಒಂದು ಚಿತ್ರವನ್ನು ತೆಗೆದು ತಂದನು. ಕಿಟಕಿಯ ಕಟ್ಟೆಯ ಮೇಲೆ ಬೂದುಬಣ್ಣದ ಇಟ್ಟಿಗೆಗಳ ರೈಲು ನಿಲ್ದಾಣ, ಯಾರೂ ಇಲ್ಲ. ತುದಿಯಲ್ಲಿ ಒಬ್ಬನೇ ಮನುಷ್ಯ, ಕೈಯಲ್ಲಿ ಪುಟ್ಟ ಪೆಟ್ಟಿಗೆ. ಇಳಿಬೆಳಕು ಎದುರಿನಿಂದ ಬಿದ್ದು ನೆರಳು ನಮ್ಮ ಕಡೆಗೆ ಉದ್ದವಾಗಿ ಚಾಚಿತ್ತು. ಬೊಂಬೆಯು ನಮಗೆ ಬೆನ್ನು ಮಾಡಿ ನಿಂತಿತ್ತು.

“ಮುಖವನ್ನೇಕೆ ತೋರಿಸಲಿಲ್ಲ?” ಎಂದು ಕೇಳಿದೆವು.

“ಮಾವ, ಆ ಮುಖ ಯಾವಾಗಲೂ ನಗುತ್ತಲೇ ಇರುತ್ತದೆ. ಇವನು ಈಗ ನಗುತ್ತಿಲ್ಲ.”

ಬಂದಂದಿನಿಂದ ಅವನು ತಾಯಿಯ ಮಾತನ್ನೇ ಎತ್ತಿರಲಿಲ್ಲ. ಹೊತ್ತಿಗೆ ಉಣ್ಣುತ್ತಿದ್ದನು, ಮಲಗುತ್ತಿದ್ದನು. ಹೊಂದಿಕೊಂಡನೆಂದು ನಾವಿಬ್ಬರೂ ಹಿಗ್ಗಿ ತಂಗಿಗೆ ಹಾಗೆಂದೇ ತಿಳಿಸಿಯೂ ಇದ್ದೆವು. ಆ ಚಿತ್ರವನ್ನು ಒಂದು ಮಾತೂ ಸೇರಿಸದೆ ಅವಳಿಗೆ ಕಳುಹಿಸಿದೆವು. ಅರ್ಧ ಗಂಟೆಯೊಳಗೆ ಅವಳ ಕರೆ ಬಂದಿತು. ನಮ್ಮ ಕ್ಷೇಮವನ್ನೂ ವಿಚಾರಿಸದೆ, “ಅಣ್ಣ, ಅವನಿಗೆ ಕೊಡು” ಎಂದಳು. ಮೊಬೈಲನ್ನು ಅವನ ಕೈಗಿತ್ತು, ಹಿಟ್ಟನ್ನು ಗುಡಿಸುವ ನೆವದಿಂದ ನಾವು ಪೊರಕೆಯನ್ನು ಹಿಡಿದು ಪಡಸಾಲೆಗೆ ಬಂದೆವು.